ಬಾಗಿದ ಬೆನ್ನು, ನೇರವಾದ ಸಫ್



“ಬೆನ್ನು ನೆಟ್ಟಗೆ ಮಾಡಲಾಗದವನ ನಮಾಝ್ ಸಿಂಧುವಾಗುತ್ತದೆಯೇ?” ಗೋಕಾಕದಲ್ಲಿ ಮಕ್ಕಳಿಗೆ ದೀನೀ ಪಾಠ ಹೇಳುತ್ತಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಮುಪ್ಪಿನಿಂದ ಬಾಗಿದವರು ಕೇಳುತ್ತಾರೆ, ಟೊಂಕನೋವಿನವರು ಕೇಳುತ್ತಾರೆ. ಆದರೆ ಬೆನ್ನಿನ ಶಸ್ತ್ರಚಿಕಿತ್ಸೆಯಾದ ಕೆಲವು ವರ್ಷಗಳ ನಂತರ ಬೆನ್ನು ಬಾಗಿದವರು ಇದನ್ನು ಕೇಳುವಾಗ ಆ ಧ್ವನಿಯಲ್ಲಿ ಬೇರೊಂದು ನೋವಿರುತ್ತದೆ. ಅವರು ವಾಸಿಯಾಗಲೆಂದು ಆಸ್ಪತ್ರೆಗೆ ಹೋದವರು. ಸಾಲ ಮಾಡಿ, ದುಆ ಮಾಡಿಸಿಕೊಂಡು, ಮನೆಯವರ ಕಣ್ಣೀರಿನ ನಡುವೆ ಹೋದವರು. ಹೋದ ನೋವು ಹೋಯಿತು. ಅದರ ಜಾಗದಲ್ಲಿ ಇನ್ನೊಂದು ತೊಂದರೆ ಸದ್ದಿಲ್ಲದೆ ಬಂದು ನೆಲೆಸಿತು.

ಇಂತಹ ಇಬ್ಬರನ್ನು ನಾವು ಹತ್ತಿರದಿಂದ ಬಲ್ಲೆವು. ಒಬ್ಬರು ಮೂಡಲಗಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಸೋದರಮಾವ. ಇನ್ನೊಬ್ಬಳು ಹುಕ್ಕೇರಿ ಕಡೆಯ ನಮ್ಮ ಬಂಧುಗಳ ಮನೆಯ ಹೆಣ್ಣುಮಗಳು. ಒಬ್ಬರದು ಇಳಿವಯಸ್ಸು, ಒಬ್ಬಳದು ಎಳೆವಯಸ್ಸು. ಇಬ್ಬರ ಬೆನ್ನೂ ಶಸ್ತ್ರಚಿಕಿತ್ಸೆಯ ನಂತರ ಬಾಗಿತು. ಇಬ್ಬರ ಮನೆಯವರೂ ಅದನ್ನು ಬಹಳ ಕಾಲ ವಿಧಿಯೆಂದು ಸುಮ್ಮನಿದ್ದರು. ಈ ವಿಷಯದಲ್ಲಿ ನಾವು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ನಮ್ಮ ಕುಟುಂಬಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಬೆನ್ನಿನ ರಚನೆಯನ್ನು ಸ್ವಲ್ಪ ನೋಡೋಣ. ಮನುಷ್ಯನ ಬೆನ್ನುಮೂಳೆಯಲ್ಲಿ 33 ಮಣಿಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಟೊಂಕದಲ್ಲಿ 5. ಅದರ ಕೆಳಗಿನ ಐದು ಮಣಿಗಳು ದೊಡ್ಡವರಲ್ಲಿ ಕೂಡಿಕೊಂಡು ಒಂದೇ ಎಲುಬಾಗಿರುತ್ತವೆ. ಕೊನೆಯಲ್ಲಿ ಬಾಲದೆಲುಬಿನ ಪುಟ್ಟ ಮಣಿಗಳು, ಸಾಮಾನ್ಯವಾಗಿ ನಾಲ್ಕು. ಹಿಂದಿನಿಂದ ನೋಡಿದರೆ ಈ ಸಾಲು ನೇರ. ಪಕ್ಕದಿಂದ ನೋಡಿದರೆ ನೇರವಲ್ಲ. ಕುತ್ತಿಗೆ ಮತ್ತು ಟೊಂಕದಲ್ಲಿ ಒಳಕ್ಕೆ ಬಾಗಿದೆ, ಎದೆಯ ಭಾಗದಲ್ಲಿ ಹೊರಕ್ಕೆ ಬಾಗಿದೆ. ಈ ಬಾಗುಗಳು ದೋಷವಲ್ಲ, ಸೃಷ್ಟಿಕರ್ತನ ಹಿಕ್ಮತ್. ಅವು ಒಂದನ್ನೊಂದು ಸರಿದೂಗಿಸುವುದರಿಂದಲೇ ತಲೆಯ ಭಾರವು ಸೊಂಟದ ಮೇಲೆ ಸರಿಯಾಗಿ ಕೂರುತ್ತದೆ, ನಾವು ಹೆಚ್ಚು ಆಯಾಸವಿಲ್ಲದೆ ಕಿಯಾಮ್‌ನಲ್ಲಿ ನಿಲ್ಲುತ್ತೇವೆ. ಟೊಂಕದ ಒಳಬಾಗು ಅಳಿಸಿಹೋದರೆ ದೇಹವು ಮುಂದಕ್ಕೆ ವಾಲುತ್ತದೆ. ಗಾರೆ ಕೆಲಸದವರು ಗೋಡೆಗೆ ತೂಗುಗುಂಡು ಬಿಟ್ಟು ನೋಡುವಂತೆ ವೈದ್ಯರೂ ಕುತ್ತಿಗೆಯಿಂದ ಕೆಳಕ್ಕೆ ಒಂದು ಲಂಬರೇಖೆ ಎಳೆದು, ಅದು ಸೊಂಟದಿಂದ ಎಷ್ಟು ಮುಂದೆ ಬೀಳುತ್ತದೆಂದು ಅಳೆಯುತ್ತಾರೆ.

ನಮ್ಮ ಮಾಮಾ ಹರೆಯದಲ್ಲಿ ಕಬ್ಬಿನ ಹಂಗಾಮಿನಲ್ಲಿ ಹೊರೆ ಹೊರುವ ಕೆಲಸ ಮಾಡಿದವರು. ಘಟಪ್ರಭೆಯ ನೀರಾವರಿಯ ಈ ಸೀಮೆಯಲ್ಲಿ ಕಬ್ಬಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು, ಒರಗಿಸಿದ ಹಲಗೆಯ ಮೇಲೆ ಹತ್ತಿ, ಟ್ರಾಲಿ ತುಂಬಿಸುವವರನ್ನು ನೀವೆಲ್ಲರೂ ಕಂಡಿದ್ದೀರಿ. ಐವತ್ತು ದಾಟಿದ ಮೇಲೆ ಅವರಿಗೆ ನೂರು ಹೆಜ್ಜೆ ನಡೆದರೆ ಕಾಲು ಸೆಳೆತ, ಜೋಮು, ಕುಳಿತರೆ ಸಮಾಧಾನ. ಟೊಂಕದಲ್ಲಿ ನರಗಳು ಇಳಿಯುವ ನಾಳ ಕಿರಿದಾಗಿದೆಯೆಂದು ತಿಳಿದು, ನಗರದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹಲವು ಮಣಿಗಳ ಹಿಂಬದಿಯ ಕಮಾನನ್ನು ತೆಗೆದು ನರಗಳಿಗೆ ಜಾಗ ಮಾಡಿದರು. ಇದಕ್ಕೆ ಲ್ಯಾಮಿನೆಕ್ಟಮಿ ಎನ್ನುತ್ತಾರೆ. ಕಾಲಿನ ನೋವು ನಿಂತಿತು. ಎರಡು ವರ್ಷ ಅವರು ಸುಖವಾಗಿದ್ದರು. ಮಗಳ ನಿಕಾಹ್ ಮಾಡಿದರು, ಐದು ಹೊತ್ತೂ ಮಸೀದಿಗೆ ನಡೆದು ಹೋದರು.

ಬದಲಾವಣೆಯನ್ನು ಮೊದಲು ಗುರುತಿಸಿದವರು ಮಾಮಿ. ಈದಿಗೆ ಹೊಲಿಸಿದ ಜುಬ್ಬಾದ ಮುಂಬದಿ ಕೆಳಕ್ಕೆ ಜೋಲುತ್ತಿತ್ತು, ಹಿಂಬದಿ ಮೇಲಕ್ಕೆ ಏರಿತ್ತು. ದರ್ಜಿಯ ತಪ್ಪೆಂದು ಎರಡು ಬಾರಿ ಹಿಂತಿರುಗಿಸಿದರು. ಮೂರನೆಯ ಬಾರಿ ದರ್ಜಿಯೇ, “ಬಟ್ಟೆ ಸರಿಯಾಗಿದೆ ಅಮ್ಮಾ, ಸಾಹೇಬರು ಮುಂದಕ್ಕೆ ಬಾಗಿದ್ದಾರೆ” ಎಂದನಂತೆ. ಆಮೇಲೆ ಗಮನಿಸಿದರೆ ಎಲ್ಲವೂ ಕಾಣತೊಡಗಿತು. ಬೆಳಿಗ್ಗೆ ಸುಮಾರು ನೆಟ್ಟಗಿರುವವರು ಅಸ್ರ್ ಹೊತ್ತಿಗೆ ಬಾಗುತ್ತಿದ್ದರು. ಮೊಣಕಾಲು ಮಡಿಸಿಕೊಂಡು, ಅಂಗೈಯನ್ನು ತೊಡೆಯ ಮೇಲೆ ಊರಿ ನಡೆಯುತ್ತಿದ್ದರು. ಮಸೀದಿಯ ದಾರಿಯಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕುಳಿತು ಮುಂದೆ ಹೋಗುತ್ತಿದ್ದರು. ಎದುರಿನವರ ಮುಖ ನೋಡಲು ಕುತ್ತಿಗೆಯನ್ನು ಹಿಂದಕ್ಕೆ ಎತ್ತಬೇಕಾಗಿತ್ತು.

ಬಂಧುಗಳಲ್ಲಿ ಮೂರು ಮಾತು ಹುಟ್ಟಿತು. ಆಪರೇಷನ್ ಮಾಡಿಸಲೇಬಾರದಿತ್ತು ಎಂದರು ಕೆಲವರು. ಯಾರದೋ ದೃಷ್ಟಿ ತಗುಲಿದೆ ಎಂದರು ಕೆಲವರು. ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದರು ಉಳಿದವರು. ಮೂರರಲ್ಲಿ ಹೆಚ್ಚು ಹಾನಿ ಮಾಡಿದ್ದು ಮೂರನೆಯದೇ. ಸಹಜವೆಂದ ಮೇಲೆ ಯಾರೂ ಕಾರಣ ಹುಡುಕುವುದಿಲ್ಲ.

ಕಾರಣವಿತ್ತು. ಬೆನ್ನಿನ ಪ್ರತಿಯೊಂದು ಮಣಿಗೂ ಮುಂಬದಿಯಲ್ಲಿ ಭಾರ ಹೊರುವ ದಪ್ಪ ಭಾಗವಿದೆ. ಹಿಂಬದಿಯಲ್ಲಿ ಕಮಾನು, ಸಣ್ಣ ಕೀಲುಗಳು, ಅವುಗಳನ್ನು ಬಿಗಿದಿಡುವ ತಂತುಪಟ್ಟಿಗಳು, ಸ್ನಾಯುಗಳು ಇವೆ. ಮುಂಬದಿಯದು ಕಂಬವಾದರೆ ಹಿಂಬದಿಯದು ಕಂಬ ಮುಂದಕ್ಕೆ ಉರುಳದಂತೆ ಎಳೆದು ಹಿಡಿದ ಹಗ್ಗ. ನರಗಳನ್ನು ಬಿಡಿಸಲು ವೈದ್ಯರು ಹಿಂಬದಿಯಿಂದ ಹೋಗುವಾಗ ಈ ಹಗ್ಗದ ಕೆಲವು ಎಳೆಗಳನ್ನು ತೆಗೆಯಬೇಕಾಗುತ್ತದೆ. ಹೆಚ್ಚಿನವರಲ್ಲಿ ಉಳಿದ ಎಳೆಗಳೇ ಸಾಕಾಗುತ್ತವೆ. ಆದರೆ ಹಲವು ಮಣಿಗಳ ಕಮಾನು ಹೋದಾಗ, ಕೀಲುಗಳು ಹೆಚ್ಚಾಗಿ ಕತ್ತರಿಸಲ್ಪಟ್ಟಾಗ, ಸ್ನಾಯುಗಳು ಸೊರಗಿದಾಗ, ಎಲುಬು ಮೊದಲೇ ಟೊಳ್ಳಾಗಿದ್ದಾಗ ಬೆನ್ನು ನಿಧಾನವಾಗಿ ಮುಂದಕ್ಕೆ ವಾಲುತ್ತದೆ. ಹೀಗೆ ಮುಂದಕ್ಕೆ ಬಾಗುವುದನ್ನು ಕೈಫೋಸಿಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗೂನು.

ಇನ್ನೊಂದು ದಾರಿಯೂ ಇದೆ. ಮಣಿಗಳನ್ನು ಸ್ಕ್ರೂ ಮತ್ತು ಸರಳುಗಳಿಂದ ಜೋಡಿಸಿ ಒಂದಾಗಿಸುವ ಶಸ್ತ್ರಚಿಕಿತ್ಸೆಯಲ್ಲಿ ಟೊಂಕದ ಒಳಬಾಗನ್ನು ಉಳಿಸದೆ ಚಪ್ಪಟೆಯಾಗಿ ಕೂಡಿಸಿದರೆ, ಆ ಚಪ್ಪಟೆತನ ಶಾಶ್ವತವಾಗುತ್ತದೆ. ಇದರ ಇತಿಹಾಸ ತಿಳಿದುಕೊಳ್ಳುವಂತಹದು. ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯ ಪಾಲ್ ಹ್ಯಾರಿಂಗ್ಟನ್ ಅವರು ಪೋಲಿಯೊದಿಂದ ಬೆನ್ನು ಡೊಂಕಾದ ಮಕ್ಕಳಿಗಾಗಿ ಲೋಹದ ಸರಳೊಂದನ್ನು ರೂಪಿಸಿ, 1962ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಅಸಂಖ್ಯ ಮಕ್ಕಳಿಗೆ ಅದರಿಂದ ಉಪಕಾರವಾಯಿತು. ಆದರೆ ಬೆನ್ನನ್ನು ಉದ್ದಕ್ಕೆ ಹಿಗ್ಗಿಸುವ ಆ ಸರಳು ಟೊಂಕದವರೆಗೆ ಇಳಿದಾಗ ಅಲ್ಲಿನ ಸಹಜ ಬಾಗನ್ನೂ ಅಳಿಸಿಬಿಡುತ್ತಿತ್ತು. ವರ್ಷಗಳ ನಂತರ ಅವರಲ್ಲಿ ಕೆಲವರು ಮೊಣಕಾಲು ಮಡಿಸದೆ ನಿಲ್ಲಲಾರದವರಾದರು. 1970ರ ದಶಕದಿಂದ ವೈದ್ಯರು ಈ ತೊಂದರೆಯನ್ನು ಗುರುತಿಸಿ ಫ್ಲ್ಯಾಟ್‌ಬ್ಯಾಕ್, ಅಂದರೆ ಚಪ್ಪಟೆಬೆನ್ನು ಎಂದು ಕರೆದರು. ಈಗಿನ ಸ್ಕ್ರೂ-ಸರಳುಗಳಲ್ಲಿ ಬಾಗನ್ನು ಉಳಿಸಿಕೊಳ್ಳಲು ಅವಕಾಶವಿದೆ. ಆದರೂ ಜೋಡಿಸಿದ ಭಾಗದ ಮೇಲಿನ ಅಥವಾ ಕೆಳಗಿನ ಮಣಿ ಕಾಲಕ್ರಮದಲ್ಲಿ ಕುಸಿಯುವುದು, ಸ್ಕ್ರೂ ಸಡಿಲವಾಗುವುದು, ಸರಳು ಮುರಿಯುವುದು ಉಂಟು. ಇದರಲ್ಲಿ ವೈದ್ಯರ ಕೈತಪ್ಪು ಇರಲೇಬೇಕೆಂದಿಲ್ಲ. ಸರಿಯಾಗಿ ನಡೆದ ಚಿಕಿತ್ಸೆಯ ನಂತರವೂ ಹೀಗಾಗಬಹುದು.

ನಮ್ಮ ಸೀಮೆಯಲ್ಲಿ ಕ್ಷಯರೋಗವನ್ನೂ ಮರೆಯುವಂತಿಲ್ಲ. ಕ್ಷಯವು ಬೆನ್ನಿನ ಮಣಿಗಳಿಗೂ ತಗಲುತ್ತದೆ. ಇಂಗ್ಲೆಂಡಿನ ಪರ್ಸಿವಲ್ ಪಾಟ್ ಎಂಬ ವೈದ್ಯರು 1779ರಲ್ಲಿ ಇದರಿಂದಾಗುವ ಗೂನು ಮತ್ತು ಕಾಲುಗಳ ದೌರ್ಬಲ್ಯವನ್ನು ವಿವರಿಸಿದ್ದರಿಂದ ಇಂದಿಗೂ ಅದಕ್ಕೆ ಪಾಟ್ ರೋಗವೆಂಬ ಹೆಸರಿದೆ. ಇದು ಹೆಚ್ಚಾಗಿ ಮಣಿಯ ಮುಂಬದಿಯನ್ನು ತಿನ್ನುತ್ತದೆ. ಮುಂಬದಿ ಕುಸಿದಿರುವಾಗ ಹಿಂಬದಿಯ ಕಮಾನನ್ನು ಮಾತ್ರ ತೆಗೆದುಬಿಟ್ಟರೆ ಕಂಬವೂ ಇಲ್ಲ, ಹಗ್ಗವೂ ಇಲ್ಲ ಎಂಬಂತಾಗಿ ಗೂನು ಹೆಚ್ಚುತ್ತದೆ. ಹಿಂದೆ ಅನೇಕರಿಗೆ ಹಾಗಾಯಿತು. 1956ರಲ್ಲಿ ಹಾಂಗ್‌ಕಾಂಗ್‌ನ ಹಾಜ್ಸನ್ ಮತ್ತು ಸ್ಟಾಕ್ ಎಂಬ ವೈದ್ಯರು ಮುಂಬದಿಯಿಂದಲೇ ಹೋಗಿ, ಕೆಟ್ಟ ಭಾಗವನ್ನು ತೆಗೆದು, ಎಲುಬಿನ ತುಣುಕನ್ನು ಆಸರೆಯಾಗಿಟ್ಟು ಜೋಡಿಸುವ ಕ್ರಮವನ್ನು ಪ್ರಕಟಿಸಿದ ಮೇಲೆ ತಿಳಿವಳಿಕೆ ಬದಲಾಯಿತು. ಬೆನ್ನಿನ ಕ್ಷಯವುಳ್ಳ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಗುಳಿಗೆಗಳನ್ನು ಪೂರ್ತಿ ಅವಧಿಯವರೆಗೆ ನುಂಗಿದರೆ ಗುಣವಾಗುತ್ತದೆ. ಆದರೆ ಮಕ್ಕಳಲ್ಲಿ ರೋಗ ಗುಣವಾದ ಮೇಲೂ ಬೆಳವಣಿಗೆ ಮುಗಿಯುವವರೆಗೆ ಗೂನು ಹೆಚ್ಚಬಹುದು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಅವರು ಇಂತಹ ಮಕ್ಕಳನ್ನು ದೀರ್ಘಕಾಲ ಅಧ್ಯಯನ ಮಾಡಿ, ಯಾವ ಮಗುವಿನ ಬೆನ್ನು ಮುಂದೆ ಬಾಗಲಿದೆಯೆಂದು ಎಕ್ಸ್‌ರೇಯಲ್ಲಿ ಮೊದಲೇ ಸೂಚಿಸುವ ಲಕ್ಷಣಗಳನ್ನು 2001ರಲ್ಲಿ ವಿವರಿಸಿದರು.

ಮಕ್ಕಳ ಮಾತು ಬಂದಾಗ ಹುಕ್ಕೇರಿಯ ಆ ಹುಡುಗಿಯ ವಿಷಯ ಹೇಳಬೇಕು. ಆರನೆಯ ವಯಸ್ಸಿನಲ್ಲಿ ಆಕೆಯ ಬೆನ್ನಿನ ನಾಳದೊಳಗೆ ಒಂದು ಗಂಟು ಬೆಳೆದು ಕಾಲುಗಳು ಸೋಲುತ್ತಿದ್ದವು. ಎದೆಯ ಹಿಂಭಾಗದ ಮಣಿಗಳ ಕಮಾನು ತೆಗೆದು ಗಂಟನ್ನು ಹೊರತೆಗೆದರು. ಅದು ಕ್ಯಾನ್ಸರ್ ಆಗಿರಲಿಲ್ಲ. ಮಗು ಮತ್ತೆ ಓಡಾಡಿತು. ಆ ಶಸ್ತ್ರಚಿಕಿತ್ಸೆ ನಡೆಯದಿದ್ದರೆ ಆಕೆ ಇಂದು ಗಾಲಿಕುರ್ಚಿಯಲ್ಲಿರುತ್ತಿದ್ದಳು. ಅದನ್ನು ದೂರುವವರು ಇದನ್ನು ಮೊದಲು ನೆನೆಯಬೇಕು. ಮಗು ನಡೆಯಿತಲ್ಲ ಎಂಬ ಸಂತೋಷದಲ್ಲಿ ಮನೆಯವರು ಎರಡು ವರ್ಷದ ಮೇಲೆ ತಪಾಸಣೆಗೆ ಹೋಗುವುದನ್ನು ನಿಲ್ಲಿಸಿದರು. ಬೆಳೆಯುವ ಬೆನ್ನಿನಲ್ಲಿ ಕಮಾನು ತೆಗೆದಾಗ ಗೂನು ಉಂಟಾಗುವ ಸಂಭವ ದೊಡ್ಡವರಿಗಿಂತ ಬಹಳ ಹೆಚ್ಚು, ಅದರಲ್ಲೂ ಕುತ್ತಿಗೆ ಮತ್ತು ಎದೆಯ ಭಾಗದಲ್ಲಿ. ಎತ್ತರ ವೇಗವಾಗಿ ಹೆಚ್ಚುವ ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ ಅದು ಬೇಗಬೇಗನೆ ಹೆಚ್ಚುತ್ತದೆ. ರೆಹಾಲಿನ ಮುಂದೆ ಕುಳಿತು ಓದುವಾಗ ಆಕೆಯ ಬೆನ್ನಿನ ನಡುವೆ ಉಬ್ಬು ಕಾಣುತ್ತಿದೆಯೆಂದು ಗುರುತಿಸಿದವರು ಕುರ್‌ಆನ್ ಕಲಿಸುವ ಉಸ್ತಾನಿ. ಆಕೆಯ ತಾಯಿ ಮೊದಲು ಬೇಸರಪಟ್ಟುಕೊಂಡರು. ಹೆಣ್ಣುಮಗಳ ಬೆನ್ನಿನ ಮಾತು ನಾಲ್ವರ ಬಾಯಿಗೆ ಬಿದ್ದರೆ ನಾಳೆ ಸಂಬಂಧ ಕೂಡುವುದು ಹೇಗೆಂಬ ಅಂಜಿಕೆ ಅವರದು. ದುಪಟ್ಟಾ ಅಗಲವಾಗಿ ಹೊದಿಸಿ ಒಂದು ವರ್ಷ ಕಳೆದರು. ಆ ಒಂದು ವರ್ಷ ಬಹಳ ದುಬಾರಿಯಾಯಿತು. ಬಾಗು ಅಷ್ಟರಲ್ಲಿ ಹೆಚ್ಚಾಗಿತ್ತು.

ತಾಯಿ ತಂದೆಯರೇ, ಬಟ್ಟೆಯಿಂದ ಮುಚ್ಚಿದ ಗೂನು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮಗುವನ್ನು ಬೆಳವಣಿಗೆ ಮುಗಿಯುವವರೆಗೆ ವೈದ್ಯರು ಹೇಳಿದ ಅವಧಿಗೊಮ್ಮೆ ತಪ್ಪದೆ ತೋರಿಸಬೇಕು. ಮನೆಯಲ್ಲಿ ತಾಯಿ ಮಗುವಿನ ಬೆನ್ನನ್ನು ಆಗಾಗ ನೋಡುತ್ತಿರಬೇಕು: ಒಂದು ಭುಜ ಮೇಲಿದೆಯೇ, ಬಾಗಿದಾಗ ಒಂದು ಕಡೆ ಉಬ್ಬುತ್ತಿದೆಯೇ, ತಲೆ ಮುಂದಕ್ಕೆ ಬಂದಿದೆಯೇ, ಎಡವುವುದು ಹೆಚ್ಚಾಗಿದೆಯೇ ಎಂದು.

ಇಲ್ಲಿ ಎಲ್ಲ ಮನೆಯವರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ನಮ್ಮ ಮಾಮಾ ಅವರಿಗೆ ಬೆನ್ನು ಬಾಗಿದ ಮೇಲೆ ಮತ್ತೆ ಎಂಆರ್‌ಐ ಮಾಡಿಸಲಾಗಿತ್ತು. ನರಗಳ ಮೇಲೆ ಒತ್ತಡವಿಲ್ಲ, ಎಲ್ಲವೂ ಸರಿಯಿದೆ ಎಂಬ ವರದಿ ಬಂತು. ಆದರೆ ಎಂಆರ್‌ಐ ಯಂತ್ರದಲ್ಲಿ ರೋಗಿಯನ್ನು ಮಲಗಿಸುತ್ತಾರೆ. ಮಲಗಿದಾಗ ಬೆನ್ನಿನ ಮೇಲೆ ದೇಹದ ಭಾರವಿಲ್ಲ. ನಿಂತಾಗ ಕಾಣುವ ಬಾಗು ಅಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಮಿರಜ ನಮ್ಮ ಭಾಗದವರಿಗೆ ಆಸ್ಪತ್ರೆಗಳ ಊರು, 1894ರಲ್ಲಿ ಡಾ. ವಾನ್‌ಲೆಸ್ ಅವರು ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಜನರು ಅತ್ತ ಹೋಗುತ್ತಿದ್ದಾರೆ. ನಾವೂ ಘಟಪ್ರಭಾ ನಿಲ್ದಾಣದಿಂದ ರೈಲು ಹಿಡಿದು ಮಾಮಾ ಅವರನ್ನು ಕರೆದುಕೊಂಡು ಹೋದೆವು. ಅಲ್ಲಿನ ಒಬ್ಬ ವೈದ್ಯರು ಎಂಆರ್‌ಐ ಚಿತ್ರವನ್ನು ನೋಡಿ ಬದಿಗಿಟ್ಟು, ಮಾಮಾ ಅವರನ್ನು ಮೊಣಕಾಲು ನೆಟ್ಟಗೆ ಮಾಡಿ ನಿಲ್ಲುವಂತೆ ಹೇಳಿ, ಕುತ್ತಿಗೆಯಿಂದ ತೊಡೆಯ ಕೀಲಿನವರೆಗೆ ಉದ್ದನೆಯ ಎಕ್ಸ್‌ರೇಯನ್ನು ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಸಿದರು. ಪಕ್ಕದ ಚಿತ್ರದಲ್ಲಿ ಎಲ್ಲವೂ ಕಂಡಿತು. ಟೊಂಕದ ಒಳಬಾಗು ಇರಲೇ ಇಲ್ಲ. “ಇವರ ಸೋಮಾರಿತನವೂ ಅಲ್ಲ, ಬರೀ ವಯಸ್ಸೂ ಅಲ್ಲ” ಎಂದು ವೈದ್ಯರು ಹೇಳಿದಾಗ ಮಾಮಾ ಅವರ ಕಣ್ಣು ತುಂಬಿದವು. ಎದ್ದು ನೆಟ್ಟಗೆ ನಡೆಯಿರಿ ಎಂದು ಮನೆಯಲ್ಲಿ ಅವರನ್ನು ಎಷ್ಟು ಬಾರಿ ಗದರಿಸಲಾಗಿತ್ತೋ!

ಮುಂದೇನು? ಎಲ್ಲರಿಗೂ ಒಂದೇ ಉತ್ತರವಿಲ್ಲ. ಬಾಗು ಕಡಿಮೆಯಿದ್ದರೆ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ನೋವಿಗೆ ಔಷಧ, ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿ ಎಲುಬು ಗಟ್ಟಿಗೊಳಿಸುವ ಚಿಕಿತ್ಸೆ, ಊರುಗೋಲು ಅಥವಾ ಹಿಡಿದು ನಡೆಯುವ ಚೌಕಟ್ಟು ನೆರವಾಗುತ್ತವೆ. ಬಾಗು ಹೆಚ್ಚಿ ಬದುಕೇ ದುಸ್ತರವಾದಾಗ, ಅಥವಾ ನರಗಳಿಗೆ ಅಪಾಯವಿದ್ದಾಗ ಎರಡನೆಯ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎಲುಬನ್ನು ಕತ್ತರಿಸಿ ಬೆನ್ನನ್ನು ನೇರಗೊಳಿಸುವ ಒಂದು ಕ್ರಮವನ್ನು ಅಮೆರಿಕದ ಸ್ಮಿತ್-ಪೀಟರ್ಸನ್ ಮತ್ತು ಸಂಗಡಿಗರು 1945ರಲ್ಲೇ ವಿವರಿಸಿದ್ದರು. ಅದರಿಂದ ಪ್ರತಿ ಹಂತದಲ್ಲಿ ಸುಮಾರು 10 ಡಿಗ್ರಿ ಸರಿಯಾಗುತ್ತದೆ. ಒಂದು ಮಣಿಯಿಂದಲೇ ಬೆಣೆಯಾಕಾರದ ತುಣುಕು ತೆಗೆದು ಮುಚ್ಚುವ ಇನ್ನೊಂದು ಕ್ರಮದಿಂದ ಸುಮಾರು 30 ಡಿಗ್ರಿ ಸರಿಪಡಿಸಬಹುದು. ಆದರೆ ಇದು ಮೊದಲನೆಯದಕ್ಕಿಂತ ಬಹಳ ದೊಡ್ಡ ಶಸ್ತ್ರಚಿಕಿತ್ಸೆ. ಹಳೆಯ ಗಾಯದ ಕಲೆಗಳ ನಡುವೆ ನರಗಳನ್ನು ಕಾಪಾಡಿಕೊಂಡು ಕೆಲಸ ಮಾಡಬೇಕು. ರಕ್ತಸ್ರಾವ, ಸೋಂಕು, ಕಾಲಿನ ದೌರ್ಬಲ್ಯ, ಸರಳು ಮುರಿಯುವುದು, ಮೂರನೆಯ ಬಾರಿ ಶಸ್ತ್ರಚಿಕಿತ್ಸೆ ಬೇಕಾಗುವುದು — ಈ ಅಪಾಯಗಳನ್ನು ವೈದ್ಯರು ಮುಂಚಿತವಾಗಿ ಹೇಳುತ್ತಾರೆ. ಹೇಳದಿದ್ದರೆ ಕೇಳಬೇಕು.

ಹುಕ್ಕೇರಿಯ ಹುಡುಗಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ನಿರ್ಧಾರವಾಯಿತು. ಇನ್ನೂ ಬೆಳೆಯುವ ವಯಸ್ಸು, ಬಾಗು ಹೆಚ್ಚುತ್ತಿರುವುದು ಖಚಿತ, ತಡಮಾಡಿದರೆ ಬೆನ್ನುಹುರಿಗೇ ಅಪಾಯ. ಬೆಂಗಳೂರಿನಲ್ಲಿ, ನರಗಳ ಸ್ಥಿತಿಯನ್ನು ಯಂತ್ರದಿಂದ ಗಮನಿಸುತ್ತ, ಸ್ಕ್ರೂ-ಸರಳುಗಳನ್ನು ಜೋಡಿಸಿದರು. ಬೆನ್ನು ಮೊದಲಿನಂತೆ ಪೂರ್ತಿ ನೇರವಾಗಲಿಲ್ಲ. ಆದರೆ ಬಹುಪಾಲು ನೇರವಾಯಿತು, ಹೆಚ್ಚುವುದು ನಿಂತಿತು. ಈಗ ಆಕೆ ಕಾಲೇಜಿಗೆ ಹೋಗುತ್ತಾಳೆ. ಮಾಮಾ ಅವರ ವಿಷಯದಲ್ಲಿ ನಿರ್ಧಾರ ಬೇರೆಯಾಯಿತು. ಅವರ ಎಲುಬು ಟೊಳ್ಳು, ಹೃದಯ ದುರ್ಬಲ. ಸ್ಕ್ರೂ ಹಿಡಿಯುವುದೇ ಸಂಶಯವೆಂದು ವೈದ್ಯರು ಹೇಳಿದರು. ಮಕ್ಕಳೆಲ್ಲ ಕುಳಿತು ಸಮಾಲೋಚಿಸಿದರು. ಕೊನೆಯ ಮಾತು ಮಾಮಾ ಅವರದೇ ಆಗಲೆಂದು ಬಿಟ್ಟರು. ಅವರು ಬೇಡವೆಂದರು. ಒಬ್ಬಳು ಒಪ್ಪಿದ್ದೂ ಸರಿ, ಒಬ್ಬರು ಬೇಡವೆಂದದ್ದೂ ಸರಿ. ಗ್ರಾಮೀಣರು ಬಂದು ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಕೇಳಿದಾಗ ಪ್ರವಾದಿವರ್ಯರು(ಸ) ಮಾಡಿಸಿಕೊಳ್ಳುವಂತೆ ಹೇಳಿ, ಮುಪ್ಪೊಂದನ್ನುಳಿದು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದನ್ನಿಟ್ಟಿದ್ದಾನೆಂದು ತಿಳಿಸಿದ ವಿಷಯವನ್ನು ಉಸಾಮಾ ಬಿನ್ ಶರೀಕ್(ರ) ವರದಿ ಮಾಡಿದ್ದಾರೆ. ಮದ್ದನ್ನು ಅರಸುವುದು ನಮ್ಮ ಕರ್ತವ್ಯ. ಯಾವ ಮದ್ದು ಯಾವ ದೇಹಕ್ಕೆ ತಕ್ಕುದೆಂದು ಬಲ್ಲವರನ್ನು ಕೇಳಿ ನಿರ್ಧರಿಸುವುದೂ ಅದರಲ್ಲೇ ಸೇರಿದೆ.

ಮಾಮಾ ಅವರ ನಿಜವಾದ ಸಂಕಟ ಬೇರೆಯೇ ಇತ್ತು. ಒಂದು ಬಯಾನ್‌ನಲ್ಲಿ, ರುಕೂ ಮತ್ತು ಸುಜೂದ್‌ಗಳಲ್ಲಿ ಬೆನ್ನನ್ನು ಸರಿಯಾಗಿ ನೇರಗೊಳಿಸದವನ ನಮಾಝ್ ಸಾಲದು ಎಂಬರ್ಥದ ಹದೀಸನ್ನು ಅವರು ಕೇಳಿದ್ದರು. ಅಂದಿನಿಂದ ಅವರು ಮಸೀದಿಗೆ ಹೋಗುವುದನ್ನು ನಿಲ್ಲಿಸಿದ್ದರು. ಮನೆಯಲ್ಲಿ ನಮಾಝ್ ಮಾಡಿ, ಅದು ಆಯಿತೋ ಇಲ್ಲವೋ ಎಂಬ ಸಂಶಯದಿಂದ ಮತ್ತೆ ಮತ್ತೆ ಮಾಡುತ್ತಿದ್ದರು. ಅಬೂ ಮಸ್‌ಊದ್(ರ) ಅವರಿಂದ ಬಂದಿರುವ ಆ ಹದೀಸ್ ಸತ್ಯವೇ. ಆದರೆ ಅದು ಬೆನ್ನು ನೇರಗೊಳಿಸಬಲ್ಲವನು ಅವಸರದಿಂದ, ಅಲಕ್ಷ್ಯದಿಂದ ಹಾಗೆ ಮಾಡದಿರುವುದರ ಬಗ್ಗೆ ಎಚ್ಚರಿಸುತ್ತದೆ. ಆಗದವನಿಗೆ ಬೇರೆ ಬಾಗಿಲು ತೆರೆದಿದೆ. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಕೇಳಿದಾಗ, ನಿಂತು ಮಾಡುವಂತೆ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡುವಂತೆ ಪ್ರವಾದಿವರ್ಯರು(ಸ) ಅನುಮತಿಸಿದರೆಂಬುದು ಬುಖಾರಿಯಲ್ಲಿದೆ.

ಅಷ್ಟೇ ಅಲ್ಲ. ನಾವು ಓದಿದ ಫಿಕ್‌ಹ್ ಗ್ರಂಥಗಳಲ್ಲಿ ಗೂನುಬೆನ್ನಿನವರ ವಿಷಯ ಪ್ರತ್ಯೇಕವಾಗಿಯೇ ಬಂದಿದೆ. ಯಾರ ಬೆನ್ನು ರುಕೂವಿನಷ್ಟು ಬಾಗಿದೆಯೋ ಅವರು ನಿಂತ ನಿಲುವೇ ಅವರ ಕಿಯಾಮ್. ರುಕೂವಿಗಾಗಿ ತಲೆಯನ್ನು ತಗ್ಗಿಸಿ ಸಂಜ್ಞೆ ಮಾಡಿದರೆ ಸಾಕೆಂದು ಹನಫೀ ವಿದ್ವಾಂಸರು ಬರೆದಿದ್ದಾರೆ. ಶಾಫಿಈ ವಿದ್ವಾಂಸರು, ಅಂಥವರು ಹಾಗೆಯೇ ನಿಂತು, ಸಾಧ್ಯವಾದರೆ ರುಕೂವಿಗಾಗಿ ಇನ್ನಷ್ಟು ಬಾಗಲಿ ಎಂದಿದ್ದಾರೆ. ಓದುಗರು ಇದನ್ನು ಸ್ವಲ್ಪ ಚಿಂತಿಸಬೇಕು. ಎಷ್ಟೋ ಶತಮಾನಗಳ ಹಿಂದೆ ಕುಳಿತು ಬರೆದ ಆ ಹಿರಿಯರು ಸಫ್‌ನಲ್ಲಿ ಗೂನುಬೆನ್ನಿನವನು ನಿಂತಿರುವುದನ್ನು ಕಂಡಿದ್ದರು. ಅವನ ಕಿಯಾಮ್ ಯಾವುದು, ರುಕೂ ಯಾವುದು ಎಂದು ಯೋಚಿಸಿ ಅವನಿಗೊಂದು ಸ್ಥಾನವನ್ನು ಬರೆದಿಟ್ಟರು. ಅವನು ಮನೆಯಲ್ಲಿರಲಿ ಎಂದು ಬರೆಯಲಿಲ್ಲ. ಇದನ್ನು ಗ್ರಂಥ ತೆರೆದು ತೋರಿಸಿ ವಿವರಿಸಿದ ಮೇಲೆ ಮಾಮಾ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಬೇಟಾ, ನಾನು ನಿಂತದ್ದೂ ನಿಂತ ಲೆಕ್ಕವೇ?” ಎಂದು ಕೇಳಿದರು. ಹೌದು ಮಾಮಾ, ನಿಂತ ಲೆಕ್ಕವೇ ಎಂದೆವು. ಮುಂದಿನ ಜುಮಾಕ್ಕೆ ಅವರು ಮಸೀದಿಗೆ ಬಂದರು. ಈಗ ಅವರಿಗಾಗಿ ಸಫ್‌ನ ತುದಿಯಲ್ಲಿ ಒಂದು ಕುರ್ಚಿಯಿದೆ. ಸುಜೂದ್‌ಗೆ ನೆಲ ಮುಟ್ಟಲಾಗದವರು ಸಂಜ್ಞೆಯಿಂದ ಮಾಡಬಹುದು. ಸುಜೂದ್‌ನ ಸಂಜ್ಞೆ ರುಕೂವಿನದಕ್ಕಿಂತ ತುಸು ಕೆಳಗಿರಲಿ. ಕುರ್ಚಿ ಯಾವಾಗ ಸಲ್ಲುತ್ತದೆ ಎಂಬುದು ಒಬ್ಬೊಬ್ಬರ ಸ್ಥಿತಿಯಂತೆ ಬೇರೆಯಾಗುವುದರಿಂದ ನಿಮ್ಮ ಊರಿನ ಉಲಮಾಗಳನ್ನು ಕೇಳಿಕೊಳ್ಳಿ. ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು ಎಷ್ಟು ದಿನ ಬಾಗಬಾರದೆಂದು ವೈದ್ಯರನ್ನೂ ಕೇಳಿ. ಭಕ್ತಿಯ ಆವೇಶದಲ್ಲಿ ಗಾಯ ಮಾಯುವ ಮುನ್ನ ಪೂರ್ತಿ ಸುಜೂದ್ ಮಾಡಹೋಗಿ ಸ್ಕ್ರೂ ಸಡಿಲಿಸಿಕೊಳ್ಳುವುದನ್ನು ದೀನ್ ನಮ್ಮಿಂದ ಬೇಡುವುದಿಲ್ಲ.

ಇನ್ನು ಬೆನ್ನಿನ ಶಸ್ತ್ರಚಿಕಿತ್ಸೆಗೆ ಹೋಗುವ ಕುಟುಂಬಗಳಿಗೆ ನಾಲ್ಕು ಮಾತು. ವೈದ್ಯರ ಮುಂದೆ ಸಂಕೋಚಪಡದೆ ಕೇಳಿರಿ: ಎಷ್ಟು ಮಣಿಗಳ ಕಮಾನು ತೆಗೆಯುತ್ತೀರಿ? ಜೋಡಿಸಬೇಕಾಗುತ್ತದೆಯೇ, ಬೇಡವೇ, ಏಕೆ? ಮುಂದೆ ಬೆನ್ನು ಬಾಗುವ ಸಂಭವವಿದೆಯೇ? ನಿಂತು ತೆಗೆದ ಎಕ್ಸ್‌ರೇ ಬೇಕೇ? ಎಷ್ಟು ವರ್ಷ ತಪಾಸಣೆಗೆ ಬರಬೇಕು? ಶಸ್ತ್ರಚಿಕಿತ್ಸೆಯ ವಿವರವಿರುವ ಬಿಡುಗಡೆ ಪತ್ರ, ಹಳೆಯ ಎಕ್ಸ್‌ರೇಗಳನ್ನು ಜೋಪಾನವಾಗಿಡಿ. ಎರಡನೆಯ ವೈದ್ಯರಿಗೆ ಅವೇ ದಾರಿದೀಪ. ಶಸ್ತ್ರಚಿಕಿತ್ಸೆಯಾದ ಬೆನ್ನನ್ನು ತಿಕ್ಕಿ ತಿರುಚಿ ಸರಿಪಡಿಸುವೆವೆನ್ನುವವರ ಕೈಗೆ ಕೊಡಬೇಡಿ. ಬೀಡಿ, ಸಿಗರೇಟು, ತಂಬಾಕನ್ನು ಬಿಡಿಸಿರಿ. ಧೂಮಪಾನದಿಂದ ಎಲುಬು ಕೂಡಿಕೊಳ್ಳುವುದು ತಡವಾಗುತ್ತದೆ. ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಂತಾದರೆ, ಜ್ವರ ಬಂದು ಗಾಯ ಸೋರಿದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಖರ್ಚಿನ ಅಂಜಿಕೆಯಿಂದ ಸುಮ್ಮನಿರುವವರು ಅನೇಕರು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಯಾವ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರಿದೆ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಆರೋಗ್ಯ ಮಿತ್ರರನ್ನು ಮೊದಲೇ ಕೇಳಿರಿ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಬೆನ್ನು ಬಾಗಿ ಚಲನೆ ಕುಂದಿದವರೂ ವೈದ್ಯಕೀಯ ಪರಿಶೀಲನೆಗೆ ಅರ್ಜಿ ಹಾಕಬಹುದು. ಪ್ರಮಾಣ ಶೇಕಡಾ 40 ಅಥವಾ ಹೆಚ್ಚೆಂದು ನಿರ್ಧಾರವಾದರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು.

ಮಸೀದಿ ಕಮಿಟಿಯವರಲ್ಲೂ ನಮ್ಮ ವಿನಂತಿಯಿದೆ. ವುಝೂ ಮಾಡುವಲ್ಲಿ ಬಾಗದೆ ಕೂರಬಹುದಾದ ಒಂದೆರಡು ಎತ್ತರದ ಆಸನ, ಮೆಟ್ಟಿಲ ಬಳಿ ಹಿಡಿಯಲು ಒಂದು ಸರಳು, ಸಫ್‌ನ ತುದಿಯಲ್ಲಿ ಒಂದೆರಡು ಕುರ್ಚಿ — ಇಷ್ಟಕ್ಕೆ ದೊಡ್ಡ ಚಂದಾ ಬೇಕಿಲ್ಲ. ಬಯಾನ್ ಹೇಳುವವರು ನೇರವಾದ ಬೆನ್ನಿನ ಹದೀಸನ್ನು ಹೇಳಿದ ದಿನ ಇಮ್ರಾನ್ ಬಿನ್ ಹುಸೈನ್(ರ) ಅವರ ಹದೀಸನ್ನೂ ಜೊತೆಗೇ ಹೇಳಲಿ. ಕೇಳುವವರ ನಡುವೆ ಯಾರ ಬೆನ್ನು ಬಾಗಿದೆಯೋ ಅವರು ಮನೆಗೆ ಹಿಂತಿರುಗುವಾಗ ನಿರಾಶೆಯನ್ನು ಹೊತ್ತು ಹೋಗಬಾರದು. ಮದುವೆಯ ಮಾತುಕತೆಯಲ್ಲಿ ಹೆಣ್ಣುಮಗಳ ಶಸ್ತ್ರಚಿಕಿತ್ಸೆಯ ವಿಷಯವನ್ನು ಮುಚ್ಚಿಡದೆ ಹೇಳುವುದು ಅಮಾನತ್. ಕೇಳಿದವರು ಅದನ್ನು ಊರೆಲ್ಲ ಹರಡದಿರುವುದೂ ಅಷ್ಟೇ ದೊಡ್ಡ ಅಮಾನತ್.

ಸಫ್ ನೇರವಾಗಿರಬೇಕೆಂದು ಇಮಾಮರು ಪ್ರತಿ ನಮಾಝಿನಲ್ಲೂ ಹೇಳುತ್ತಾರೆ. ಸಫ್ ನೇರವಾಗುವುದು ಹೆಗಲಿಗೆ ಹೆಗಲು ಕೂಡಿದಾಗ, ನಡುವೆ ತೆರಪು ಇಲ್ಲದಾಗ. ಬಾಗಿದ ಬೆನ್ನಿನವರನ್ನು ಮನೆಯಲ್ಲೇ ಉಳಿಸಿದರೆ ಆ ತೆರಪು ನಮ್ಮ ಸಾಲಿನಲ್ಲೇ ಉಳಿಯುತ್ತದೆ. ಅಲ್ಲಾಹನು ರೋಗಿಗಳಿಗೆ ಶಿಫಾ ಕರುಣಿಸಲಿ, ಶುಶ್ರೂಷೆ ಮಾಡುವವರಿಗೆ ಸಹನೆಯನ್ನೂ ವೈದ್ಯರ ಕೈಗೆ ಬರಕತ್ತನ್ನೂ ನೀಡಲಿ. ಆಮೀನ್.